ಮೊದಲು ಒಪ್ಪಿಕೊಂಡವರಿಗೆ ಮಾಫಿ

ನಾಲ್ಕು ಜನ ಒಟ್ಟಿಗೆ ಕೂತು ಚಹಾ ಕುಡಿಯುವುದನ್ನು ಕಂಡರೆ ಯಾರಿಗಾದರೂ ಖುಷಿಯಾಗುತ್ತದೆ. ನನ್ನ ಗಂಡನಿಗೆ ಅನುಮಾನ ಬರುತ್ತದೆ. ಅದು ಅವರ ವೃತ್ತಿದೋಷ. ವ್ಯಾಪಾರಿಗಳು ಒಳಗೊಳಗೇ ಮಾತಾಡಿಕೊಂಡು ಒಂದೇ ದರ ಕಟ್ಟುವುದು ಅಪರಾಧವಂತೆ. ಅಂಥ ಮೊಕದ್ದಮೆಗಳನ್ನು ನಡೆಸುವ ವಕೀಲರು ಇವರು. ಥಾಣೆ ಊರಿನ ಕೋರ್ಟಿನಲ್ಲಿ ಚೆಕ್ ಬೌನ್ಸ್ ಕೇಸುಗಳಿಂದ ಶುರುಮಾಡಿ ಇತ್ತ ಹೊರಳಿದಾಗ ನಮ್ಮತ್ತೆ, "ಡೈವೋರ್ಸಾದ್ರೂ ಹಿಡೀಬಾರ್ದಿತ್ತಾ ಮಗಾ, ಜನ ತಾವಾಗಿ ಬರ್ತಿದ್ರು" ಎಂದು ಮರುಗಿದ್ದರು. ನಮ್ಮ ಡೊಂಬಿವಲಿ ಸ್ಟೇಷನ್ನಿನ ಹೊರಗೆ ತರಕಾರಿಗೆ ಇವರನ್ನು ಕರೆದೊಯ್ಯುವುದನ್ನು ನಾನು ಬಿಟ್ಟೇಬಿಟ್ಟಿದ್ದೇನೆ. ಸಾಲಾಗಿ ಕೂತವರೆಲ್ಲ ಮೆಂತ್ಯ ಸೊಪ್ಪಿಗೆ ಒಂದೇ ಬೆಲೆ ಹೇಳಿದರೆ, "ಬೆಳಿಗ್ಗೆ ಎಲ್ಲ ಎಲ್ಲಿ ಸೇರಿದ್ರಿ?" ಎಂದು ವಿಚಾರಣೆಗೆ ನಿಲ್ಲುತ್ತಾರೆ.

ಈ ಸಂಕ್ರಾಂತಿಯ ಹೊತ್ತಿಗಂತೂ ಅವರ ಚಡಪಡಿಕೆ ಹೇಳತೀರದು. ಕಳಂಬೋಲಿಯ ಒಬ್ಬ ಕಬ್ಬಿಣದ ವ್ಯಾಪಾರಿ (ಹೆಸರು ನನಗೂ ಹೇಳಿಲ್ಲ) ತಾನೂ ದರ ಕಟ್ಟಿದವರಲ್ಲಿ ಒಬ್ಬನೆಂದು ದಿಲ್ಲಿಯ ಆಯೋಗದ ಮುಂದೆ ಒಪ್ಪಿಕೊಳ್ಳಲು ಹೊರಟಿದ್ದ. ಗುಂಪಿನಲ್ಲಿ ಮೊದಲು ಹೋಗಿ ಒಪ್ಪಿಕೊಂಡವನಿಗೆ ದಂಡ ಪೂರ್ತಿ ಮಾಫಿಯಾಗಬಹುದು, ಎರಡನೆಯವನಿಗೆ ಅಷ್ಟಿಲ್ಲ. ಆಸಾಮಿ ಮಾತ್ರ ನಾಳೆ ನಾಳೆ ಎನ್ನುತ್ತಿದ್ದ. ಇವರು ಹಾಲ್‌ನಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಹಾಲ್‌ಗೆ ನಡೆದು ನಡೆದು ನನಗೂ ಕೂತಲ್ಲಿ ಕೂರಲಾಗಲಿಲ್ಲ.

ನನ್ನ ತಳಮಳಕ್ಕೆ ಬೇರೆ ಕಾರಣವೂ ಇತ್ತು. ನಮ್ಮ ಕಟ್ಟಡದಲ್ಲಿ ಸಂಕ್ರಾಂತಿಯ ನಂತರ ಮನೆಮನೆಯಲ್ಲೂ ಅರಿಶಿನ ಕುಂಕುಮ. ಬಂದ ಹೆಂಗಸರಿಗೆಲ್ಲ ಒಂದೊಂದು ಉಡುಗೊರೆ. ಬಟ್ಟಲಿನಿಂದ ಮುಚ್ಚಳದ ಡಬ್ಬಿಗೆ, ಡಬ್ಬಿಯಿಂದ ಹಾಟ್‌ಬಾಕ್ಸಿಗೆ ಪೈಪೋಟಿ ಏರಿತ್ತು. ಈ ಸಲ ಮೂರನೇ ಮಹಡಿಯ ವಿಜಯಪುರದ ಶಾಂತಕ್ಕ ಎಲ್ಲರನ್ನೂ ಚಹಾಕ್ಕೆ ಕರೆದು, "ಎಲ್ಲಾರೂ ಒಂದ ನಮೂನಿ ಸ್ಟೀಲ್ ವಾಟಗಾ ಕೊಡೂಣ್ರಿ. ಹೆಚ್ಚಿಂದು ಯಾರೂ ಕೊಡಬ್ಯಾಡ್ರಿ" ಎಂದರು. ವಾಟಗಾ ಎಂದರೆ ಬಟ್ಟಲು. ಎಲ್ಲರೂ ಒಪ್ಪಿದೆವು. ಮನೆಗೆ ಬಂದು ಹೇಳಿದರೆ ಇವರು ಲೋಟ ಕೆಳಗಿಟ್ಟರು.

"ಚಹಾ ಕೊಟ್ಟದ್ದು ಯಾರು?"

"ನೀವು ಸುಮ್ಮನಿರಿ ಮಾರಾಯ್ರೆ."

ಶಾಂತಕ್ಕನ ಮನೆಯದೇ ಮೊದಲು ಮುಗಿಯಿತು. ಮಾತಿನಂತೆ ಬರೀ ಬಟ್ಟಲು ಕೊಟ್ಟರು. ನನ್ನದು ಶನಿವಾರ. ಅಂಗಡಿಯಲ್ಲಿ ಬಟ್ಟಲು ಹಿಡಿದರೆ ತೀರ ಬೋಳಾಗಿ ಕಂಡಿತು. ಹಿಡಿಯಲ್ಲಿ ಪುಟ್ಟ ಹೂವಿದ್ದ ಚಮಚಗಳು ಪಕ್ಕದಲ್ಲೇ ಇದ್ದವು. ಚಮಚವೇನು ಉಡುಗೊರೆಯೇ, ಬಟ್ಟಲಿನ ಬಾಲವಷ್ಟೇ ಎಂದುಕೊಂಡು ತಂದುಬಿಟ್ಟೆ. ಆಮೇಲೆ ಹೊಳೆಯಿತು. ನಾನು ಚಮಚ ಹಂಚಿದರೆ ಶಾಂತಕ್ಕ ಎಲ್ಲರೆದುರು ಜಿಪುಣರಾಗುತ್ತಾರೆ. ಈ ಕಟ್ಟಡದಲ್ಲಿ ನಾನು ಮನಸ್ಸು ಬಿಚ್ಚಿ ಮಾತಾಡುವುದು ಅವರೊಬ್ಬರ ಹತ್ತಿರ.

ಶುಕ್ರವಾರ ಇವರಿಗೆ ಹೇಳಿದೆ. "ಮೊದಲು ಹೋಗಿ ಒಪ್ಪಿಕೋ ಮಾರಾಯ್ತಿ, ಬೇರೆ ದಾರಿಯಿಲ್ಲ" ಎನ್ನುವಷ್ಟರಲ್ಲಿ ಫೋನು ಬಂತು. ವ್ಯಾಪಾರಿ ಒಪ್ಪಿದ್ದ. ಇವರು ಶೂ ಲೇಸು ಕಟ್ಟದೆ ಓಡಿದರು. ನಾನೂ ಎದ್ದೆ.

ಶಾಂತಕ್ಕನ ಬಾಗಿಲಲ್ಲಿ ಆಗಲೇ ಒಂದು ಜೊತೆ ಚಪ್ಪಲಿ. ಒಳಗೆ ನಮ್ಮ ಕಟ್ಟಡದವರೇ ಆದ ಕುಂದಾಪುರದ ಸುಲೋಚನಕ್ಕ, ನೈಟಿಯ ಮೇಲೆ ಟವೆಲ್ ಹೊದ್ದು, "ಎಂತ ಮಾಡುದು ಶಾಂತಕ್ಕ, ಬಟ್ಟಲು ಖಾಲಿ ಕೊಡ್ಲಿಕ್ಕೆ ನಾಚಿಕೆ ಆಯ್ತು. ಒಳಗೆ ಒಂದೊಂದು ಕರ್ಚೀಫು ಇಟ್ಟಿದ್ದೇನೆ" ಎನ್ನುತ್ತಿದ್ದರು.

"ಹೋಗ್ಲಿ ಬಿಡ್ರಿ, ಬಂದು ಹೇಳಿದ್ರಲ್ಲ, ಅದ ದೊಡ್ಡದು" ಎಂದರು ಶಾಂತಕ್ಕ, ನಗುತ್ತಲೇ.

"ನನ್ನದೂ ಒಂದು ಚಮಚ ಉಂಟು" ಎಂದೆ.

ನಗು ನಿಂತಿತು. "ನೀವೂ ಏನ್ರೀ? ಅಂದ್ರ ಬರೇ ವಾಟಗಾ ಕೊಟ್ಟಾಕಿ ನಾ ಒಬ್ಬಾಕೀನ?" ಆಮೇಲೆ ತೀರ್ಪು ಕೊಟ್ಟರು: "ಆ ಚಮಚಾ ಎಲ್ಲಾ ಇಲ್ಲಿ ತಂದಿಡ್ರಿ. ನಾಳೆ ನಿಮ್ಮ ಮನ್ಯಾಗ ನಾನ ಹಂಚ್ತೀನಿ."

ಹಾಗೇ ಆಯಿತು. ನಾನು ಬೋಳು ಬಟ್ಟಲು ಕೊಟ್ಟೆ; ಪಕ್ಕದಲ್ಲಿ ನಿಂತ ಶಾಂತಕ್ಕ, "ಅವತ್ತ ಮರ್ತಿದ್ದೆ ನೋಡ್ರಿ" ಎಂದು ನನ್ನ ಚಮಚಗಳನ್ನು ಹಂಚಿದರು. ಅವರ ಧಾರಾಳತನವನ್ನು ಎಲ್ಲರೂ ಹೊಗಳಿದರು. ಹೋಗುವಾಗ ಶಾಂತಕ್ಕ ನನ್ನ ಕೈ ಹಿಸುಕಿದರು, ಸ್ನೇಹ ಉಳಿಯಿತೆಂದುಕೊಂಡೆ.

ದಿಲ್ಲಿಯಲ್ಲಿ ತಮ್ಮ ವ್ಯಾಪಾರಿಯನ್ನೇ ಮೊದಲಿಗನಾಗಿಸಿ ಬಂದ ಇವರು ನನ್ನ ಕಥೆ ಕೇಳಿ, "ನಾನು ಹೇಳಿದ ಕೂಡಲೇ ಹೊರಟವಳು ಎರಡನೆಯವಳು ಹೇಗಾದೆ?" ಎಂದರು.

"ಕಾನ್ವೆಂಟಿನಲ್ಲಿ ಸಿಸ್ಟರ್ ಹೇಳಿಕೊಟ್ಟಿದ್ದರು, ಕ್ಷಮೆ ಕೇಳಲು ಹೋಗುವಾಗ ನೀಟಾಗಿ ಹೋಗಬೇಕು ಅಂತ. ತಲೆ ಬಾಚಿ, ಸೀರೆ ಉಟ್ಟು ಹೋದೆ."

"ಸುಲೋಚನಕ್ಕ?"

"ನೈಟಿಯಲ್ಲಿ."

ಇವರು, ಅಂಥವರೊಬ್ಬರು ತಮ್ಮ ಆಫೀಸಿನಲ್ಲಿ ಜೂನಿಯರ್ ಆಗಿರಬೇಕಿತ್ತು ಎಂದರು. ನಾನು ಯಾವ ಸೀರೆ ಉಟ್ಟಿದ್ದೆ ಎಂದು ಮಾತ್ರ ಕೇಳಲಿಲ್ಲ.