ನಲವತ್ತನೆಯ ಹೆಸರು

ಒಂದಾನೊಂದು ಕಾಲದಲ್ಲಿ, ಅಂದರೆ ಬಹಳ ದೂರವೇನಲ್ಲ, ಮೊನ್ನೆ ಮೊನ್ನೆ, ಒಂದು ಆಸ್ಪತ್ರೆಯಲ್ಲಿ ಕೋಡಣ್ಣನೆಂಬ ಗುಮಾಸ್ತನಿದ್ದ. ಪ್ರತಿ ಕಾಯಿಲೆಗೂ ಒಂದು ಕೋಡ್ ಇರುತ್ತದಲ್ಲ, ಅದನ್ನು ರೋಗಿಗಳ ದಾಖಲೆಗೆ ಸೇರಿಸುವುದೇ ಅವನ ಕೆಲಸ. ಎಂಥ ಸೆಕೆಯಲ್ಲೂ ತುಂಬುತೋಳಿನ ಅಂಗಿ ಮಡಚದೆ, ಸಿಂಹಾಸನವೇರಿದವನಂತೆ ಕಂಪ್ಯೂಟರಿನ ಮುಂದೆ ಕೂರುತ್ತಿದ್ದ.

ಒಂದು ಬೆಳಿಗ್ಗೆ ಚರ್ಮದ ಡಾಕ್ಟರಮ್ಮ ಬಂದರು. "ನನ್ನ ಅಧ್ಯಯನಕ್ಕೆ ಇಸುಬು ಇರೋ ನಲವತ್ತು ಜನ ಬೇಕು. ಸಂಜೆ ಐದಕ್ಕೆ ಪಟ್ಟಿ ಕೊಡ್ತೀರಾ?"

"ಐದು ನಿಮಿಷ ಸಾಕಮ್ಮ! ತಪ್ಪಿದ್ರೆ ನನ್ನನ್ನ ನೆಲಮಾಳಿಗೆಯ ಹಳೇ ಕಡತದ ಕೋಣೆಗೆ ಹಾಕಿಬಿಡಿ."

ಕೋಡ್ ಒತ್ತಿದ. ತೂತುಬಿದ್ದ ಚೀಲದಿಂದ ಕಾಳು ಸುರಿದಂತೆ ಆರುನೂರು ಹೆಸರು ಸುರಿದವು.

"ಇಷ್ಟೊಂದಾ? ಮೂರು ಜನಕ್ಕೆ ಫೋನ್ ಮಾಡಿ ನೋಡಿ," ಎಂದರು ಡಾಕ್ಟರಮ್ಮ.

ಮೊದಲನೆಯವನು ರೇಗಿದ. "ಇಸುಬಾ? ನಂಗೆ ಕಾಲು ಮುರಿದಿತ್ತು ಕಣ್ರೀ!"

ಎರಡನೆಯವಳು ನಕ್ಕಳು. "ನಾನು ಬಂದಿದ್ದು ಹೆರಿಗೆಗೆ. ಇಸುಬಿಗೀಗ ಮೂರು ವರ್ಷ, ಮಾತೂ ಆಡ್ತಾನೆ."

ಮೂರನೆಯ ಧ್ವನಿ ಕೇಳುತ್ತಲೇ ಕೋಡಣ್ಣ ಎದ್ದು ನಿಂತ. ಅವನ ಅತ್ತೆ! "ಅಳಿಯಂದ್ರೇ, ಹಲ್ಲುನೋವು ಅಂತ ಬಂದವಳಿಗೆ ಇಸುಬು ಅಂಟಿಸಿದೀರಾ? ಬೀದಿಯವರಿಗೆ ಹೇಗೆ ಮುಖ ತೋರಿಸ್ಲಿ?"

ಫೋನಿಟ್ಟು ಗುಡುಗಿದ. "ಯಾವ ಪುಣ್ಯಾತ್ಮನ ಕೆಲಸ ಇದು?"

ಪಕ್ಕದ ಮೇಜಿನ ನರ್ಸಕ್ಕ ತಲೆಯೆತ್ತಲಿಲ್ಲ. "ನಿಮ್ಮದೇ ಅಲ್ವಾ? ಕೋಡ್ ಇಲ್ಲದ ದಾಖಲೆ ಒಂದೂ ಇರಬಾರ್ದು ಅಂತ ಆರ್ಡರ್ ಬಂದ ದಿನ, ಖಾಲಿ ಇದ್ದಲ್ಲೆಲ್ಲ ನಿಮಗೆ ಬಾಯಿಪಾಠ ಇದ್ದ ಅದೊಂದೇ ಕೋಡ್ ತುಂಬಿ, ಮಧ್ಯಾಹ್ನಕ್ಕೇ ಮನೆಗೆ ಹೋದ್ರಿ."

ಕೋಡಣ್ಣ ಆರುನೂರು ಹೆಸರಿನ ಪಟ್ಟಿ ಹಿಡಿದು ನೆಲಮಾಳಿಗೆಗಿಳಿದ. ಕಡತ ಬಿಚ್ಚಿದಂತೆಲ್ಲ ಧೂಳು ಮೋಡವಾಗಿ ಎದ್ದಿತು. ಅಸಲಿ ಇಸುಬಿನವರನ್ನು ಒಬ್ಬೊಬ್ಬರಾಗಿ ಹೆಕ್ಕಿ, ಐದಕ್ಕೆ ಹತ್ತು ನಿಮಿಷವಿದ್ದಾಗ ಮೇಲೆ ಬಂದ.

"ಮೂವತ್ತೊಂಬತ್ತು, ಅಮ್ಮ. ಒಂದೇ ಒಂದು ಕಮ್ಮಿ," ಎನ್ನುತ್ತಾ ಪರಪರ ತೋಳು ಕೆರೆದುಕೊಂಡ.

ಡಾಕ್ಟರಮ್ಮ ಕನ್ನಡಕವೇರಿಸಿ ಅವನ ಅಂಗಿತೋಳನ್ನು ಸರ್ರನೆ ಮೇಲೆತ್ತಿದರು. "ಇದು ಇವತ್ತಿಂದಲ್ಲ. ಹಳೇ ಇಸುಬು, ಧೂಳಿಗೆ ಕೆರಳಿದೆ. ಯಾಕ್ರೀ ತೋರಿಸ್ಲಿಲ್ಲ?"

"ದಾಖಲೆಗೆ ಬಿದ್ರೆ ನಾಲ್ಕು ಜನಕ್ಕೆ ಗೊತ್ತಾಗುತ್ತಲ್ಲಮ್ಮ..."

ನರ್ಸಕ್ಕ ಈಗ ತಲೆಯೆತ್ತಿದಳು. "ಓಹೋ! ಆ ಕೋಡ್ ಬಾಯಿಪಾಠ ಆಗಿದ್ದು ಹೀಗೋ?"

ಡಾಕ್ಟರಮ್ಮ ಎರಡು ಚೀಟಿ ಬರೆದರು. ಒಂದರಲ್ಲಿ ಮುಲಾಮು, ಜೊತೆಗೆ 'ಧೂಳಿನ ಹತ್ತಿರ ಸುಳಿಯಕೂಡದು' ಎಂಬ ಎಚ್ಚರಿಕೆ. ಇನ್ನೊಂದರಲ್ಲಿ, ತಪ್ಪು ಕೋಡ್‌ಗಳೆಲ್ಲ ಸರಿಯಾಗುವವರೆಗೆ ನಾಳೆಯಿಂದ ಅವನ ಕುರ್ಚಿ ನೆಲಮಾಳಿಗೆಯಲ್ಲಿ.

ಗಡಿಯಾರ ಐದು ಹೊಡೆಯಿತು. ಕೋಡಣ್ಣ ಪಟ್ಟಿಯ ಕೊನೆಗೆ ತನ್ನದೇ ಹೆಸರು ಒತ್ತಿ, ಪಕ್ಕದಲ್ಲಿ ಆ ಕೋಡನ್ನು ಸೇರಿಸಿದ. ಈ ಸಲ ಅದು ಸರಿಯಾಗಿತ್ತು.