ಅಟ್ಟದ ಮೇಲಿನ ಡಾಕ್ಟರಮ್ಮ

ನಮ್ಮ ಮನೆಯಲ್ಲಿ ಒಬ್ಬಳು ಡಾಕ್ಟರಾಗುತ್ತಿದ್ದಾಳೆ. ಅವಳನ್ನು ನೋಡಿದ ರೋಗಿ ತನ್ನ ರೋಗ ಮರೆತು ಎದ್ದು, ಅವಳನ್ನೇ ಮಂಚದ ಮೇಲೆ ಮಲಗಿಸಿ ಗಂಜಿ ಕುಡಿಸುವುದು ಖಂಡಿತ! ನನ್ನ ಮಗನ ಮಗಳು. ತಿಪಟೂರಿನ ಬಸ್ಸಿಳಿದು ತೋಟದ ದಾರಿಯಲ್ಲಿ ಬರುವಾಗ ಮೊದಲು ಚೀಲ ಕಾಣುತ್ತದೆ, ಆಮೇಲೆ ಕನ್ನಡಕ, ಹುಡುಕಿದರೆ ಹುಡುಗಿ.

ಈ ಸಲ ಹೇಳದೆ ಕೇಳದೆ ಬಂದಳು. "ರಜೆ ಅಜ್ಜಿ" ಎಂದಳು. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ಇದು ಯಾವ ರಜೆ? ನನಗೆ ಅಲ್ಲೇ ಅನುಮಾನ.

ಬೆಳಗ್ಗೆ ತಿಂಡಿಗೆ ಏಳುವುದಿಲ್ಲ. ಮಧ್ಯಾಹ್ನ ಎದ್ದರೆ ಕಾಫಿ. ಸ್ನಾನವಾದ ಮೇಲೆ ಕಾಫಿ. ಆ ಕಾಫಿ ಆರಿತೆಂದು ಇನ್ನೊಂದು ಕಾಫಿ. ಊಟಕ್ಕೆ ಕರೆದರೆ ಚಿಪ್ಸಿನ ಪೊಟ್ಟಣ ತೋರಿಸುತ್ತಾಳೆ. ಎಳನೀರು ಕೆತ್ತಿಸಿ ಕೈಗೆ ಕೊಟ್ಟೆ. ಅದರಲ್ಲಿ ಏನೇನಿದೆ, ಅದು ಹೃದಯಕ್ಕೆ ಏನು ಮಾಡುತ್ತದೆ, ಕಿಡ್ನಿಗೆ ಏನು ಮಾಡುತ್ತದೆ ಎಂದು ಪಾಠ ಒಪ್ಪಿಸಿದಳು. ಕುಡಿಯಲಿಲ್ಲ!

ಎದುರುಮನೆ ಗೌರಕ್ಕ ಮಂಡಿನೋವೆಂದು ಬಂದಳು. ಚಿಪ್ಸು ಅಗಿಯುತ್ತಲೇ ಇವಳ ಉಪದೇಶ ಶುರು.

"ಉಪ್ಪು ಕಮ್ಮಿ ಮಾಡಿ ಗೌರಕ್ಕ. ದಿನಾ ನಡೀರಿ. ಹೊತ್ತಿಗೆ ಸರಿಯಾಗಿ ಮಲಗಿ."

"ನೀನ್ ಯಾವಾಗವ್ವ ನಡೆಯೋದು?"

"ನಾನು ಓದ್ತಿದೀನಿ."

"ಓದೋರ್ಗೆ ಕಾಲಿರಲ್ವಾ?"

ಗೌರಕ್ಕ ಹೋಗುವಾಗ ನನ್ನ ಕಿವಿಯಲ್ಲಿ ಉಸುರಿದಳು: "ಹುಡುಗಿಗೆ ಗಾಳಿಗೀಳಿ ಸೋಕೈತೇನೋ, ನೋಡಕ್ಕ."

ಗಾಳಿಯನ್ನು ನಾನು ನಂಬುವುದಿಲ್ಲ. ನನಗೆ ಹುಡುಗರ ಮೇಲೆ ಅನುಮಾನ. ಆದರೆ ಫೋನು ಬಂದರೆ ಮುಖ ಸಿಂಡರಿಸಿ ಕಟ್ ಮಾಡುತ್ತಾಳೆ. ಪ್ರೀತಿಸುವವಳು ಹಾಗೆ ಮಾಡುತ್ತಾಳೆಯೇ? ಸರಿ, ಸಿಗರೇಟೋ ಏನೋ ಎಂದು, ಎಣ್ಣೆ ಹಚ್ಚುವ ನೆಪದಲ್ಲಿ ಕೂದಲು ಮೂಸಿದೆ, ಬೆರಳು ಮೂಸಿದೆ. ಬರೀ ಕಾಫಿ ವಾಸನೆ. ಆ ಬೆರಳು ಸಣ್ಣಗೆ ನಡುಗುತ್ತಿದ್ದುದು ಮಾತ್ರ ನನಗೆ ಹಿಡಿಸಲಿಲ್ಲ.

ಆಮೇಲೆ ಅವಳು ಅಟ್ಟ ಹತ್ತತೊಡಗಿದಳು. ಅಟ್ಟದಲ್ಲಿ ನಮ್ಮ ಒಣಗಿದ ಕೊಬ್ಬರಿ ಕಾಯಿ ಇದೆ. ಓದುವವಳಿಗೆ ಅಲ್ಲೇನು ಕೆಲಸ? ಮೇಲಿಂದ ಟಕ್ ಟಕ್ ಸದ್ದು, ಪಿಸುಮಾತು. ಮೂರನೇ ಮಧ್ಯಾಹ್ನ ಏಣಿ ಹತ್ತಿ ತಲೆ ತೂರಿಸಿದೆ. ಎದುರಿಗೆ ಸುಲಿದ ಕಾಯಿಗಳ ಸಾಲು. ಒಂದರ ಮೇಲೆ ಎಡಗೈ ಬೆರಳಿಟ್ಟು, ಅದರ ಮೇಲೆ ಬಲಗೈ ಬೆರಳಿಂದ ಬಡಿದು, ಕಿವಿಗೊಟ್ಟು ಕೂತಿದ್ದಾಳೆ! ನಮ್ಮ ಸೀಮೆಯಲ್ಲಿ ಕಾಯಿಗೆ ಹೀಗೆ ಕಿವಿಗೊಡುವವರು ಯಾರು? ಮಾಲು ನೋಡಲು ಬರುವ ವ್ಯಾಪಾರಿ! ಅಯ್ಯೋ, ಇವಳು ಓದು ಬಿಟ್ಟು ಕೊಬ್ಬರಿ ವ್ಯಾಪಾರಕ್ಕೆ ಇಳಿದಳಲ್ಲ ಎಂದುಕೊಂಡೆ.

"ಯಾವ ಸಾವ್ಕಾರ ಕಳ್ಸಿದ್ದೇ ನಿನ್ನ? ನಿಜ ಬೊಗಳು!"

"ಸಾವ್ಕಾರ ಯಾರಜ್ಜಿ? ಇವು ನನ್ನ ಪೇಷೆಂಟು. ಈ ಕಡೆಯವಕ್ಕೆಲ್ಲ ಎದೆಯಲ್ಲಿ ನೀರು ತುಂಬಿದೆ."

"ಅವು ಸಾರಿಗೆ ಅಂತ ಅಡುಗೆಮನೇಲಿ ಸುಲ್ದಿಟ್ಟಿದ್ದ ಹಸಿಕಾಯಿ ಕಣೇ! ನೀರಿಲ್ದೆ ಇನ್ನೇನ್ ಇರ್ತದೆ?"

ಅವಳು ನಕ್ಕಳು. ನಗುತ್ತಲೇ ಅತ್ತುಬಿಟ್ಟಳು. ರೋಗಿಯ ಬೆನ್ನು ಬಡಿದು, ಒಳಗಿರುವುದು ಗಾಳಿಯೋ ನೀರೋ ಹೇಳುವ ಪರೀಕ್ಷೆಯಂತೆ. ಕಾಲೇಜಿನಲ್ಲಿ ಆ ಪರೀಕ್ಷೆಯ ಹಿಂದಿನ ದಿನಗಳೆಲ್ಲ ನಿದ್ದೆಯಿಲ್ಲದೆ, ಅನ್ನವಿಲ್ಲದೆ, ಬರೀ ಕಾಫಿ ಕುಡಿದು ಓದಿದ್ದಾಳೆ. ಪರೀಕ್ಷೆಯ ದಿನ ರೋಗಿಯ ಬೆನ್ನ ಮೇಲೆ ಇಟ್ಟ ಕೈ ನಿಲ್ಲಲೇ ಇಲ್ಲ. ತಲೆ ಗುಂಯ್ ಎಂದು ಸದ್ದೂ ಕೇಳಲಿಲ್ಲ. ಫೇಲು.

"ಅಪ್ಪಂಗೆ ಹೇಳಿಲ್ಲ ಅಜ್ಜಿ. ಇನ್ನೊಂದ್ಸಲ ಪರೀಕ್ಷೆ ಇದೆ. ನಾನು ಹೋಗಲ್ಲ. ಮನುಷ್ಯರ ಬೆನ್ನು ಕಂಡ್ರೆ ಕೈ ನಡುಗುತ್ತೆ."

"ಹೊಟ್ಟೆಗಿಲ್ದೋರ ಕೈ ನಡುಗ್ದೆ ಇನ್ನೇನ್ ಮಾಡ್ತದೆ? ಇಳಿ ಕೆಳಗೆ."

ಸಮಾಧಾನ ಹೇಳುವುದು ನನಗೆ ಬರುವುದಿಲ್ಲ. ಮುದ್ದೆ, ಸೊಪ್ಪಿನ ಸಾರು ಬಡಿಸಿ ಎದುರಿಗೆ ಕೂತೆ. ತಟ್ಟೆಯಂಚಿಗೆ ತಳ್ಳುತ್ತಾಳೇನೋ ಎಂದು ಪೋಲೀಸಿನ ಹಾಗೆ ಕಾದೆ. ಉಂಡಳು. ಕಾಫಿಪುಡಿ ಡಬ್ಬ ಗೌರಕ್ಕನ ಮನೆ ಸೇರಿತು. ಮಲಗಿದವಳು ಹಸು ಕರೆಯುವ ಹೊತ್ತಿಗೂ ಏಳಲಿಲ್ಲ. ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಎರಡು ಸಲ ಮೂಗಿನ ಹತ್ತಿರ ಕೈ ಹಿಡಿದು ನೋಡಿದೆ. ನನ್ನ ಅನುಮಾನ ಅಂಥದ್ದು!

ಹೀಗೆ ಒಂದು ವಾರ ಉಂಡು ಮಲಗಿದ ಮೇಲೆ, ಒಂದು ಬೆಳಗ್ಗೆ ಜಗಲಿಯಲ್ಲಿ ಅವಳಿಗೆ ಬೆನ್ನು ಕೊಟ್ಟು ಕೂತು ಸೆರಗು ಸರಿಸಿದೆ.

"ಬಡಿ."

"ಬೇಡಜ್ಜಿ..."

"ಬಡಿಯೇ ಅಂದ್ರೆ! ಕಾಯಿ ಉಸಿರಾಡಲ್ಲ, ನಾನ್ ಆಡ್ತೀನಿ."

ತಣ್ಣನೆ ಬೆರಳು ಬೆನ್ನಿಗೆ ತಾಗಿತು. ನಡುಗುತ್ತಿತ್ತು. ನಾನು ಅಲುಗಲಿಲ್ಲ. ಒಂದು ಕಡೆ ಬಡಿದಳು, ಇನ್ನೊಂದು ಕಡೆ ಬಡಿದಳು, ಕೆಳಗಿಳಿದಳು. "ಇಲ್ಲಿ ಗಾಳಿ... ಇಲ್ಲೂ ಗಾಳಿ..." ಎಂದು ತನಗೇ ಹೇಳಿಕೊಂಡಳು. ಬರಬರುತ್ತಾ ಬೆರಳು ಗಟ್ಟಿಯಾಗಿ ಕೂರತೊಡಗಿತು. ಮತ್ತೆ ನಡುಗೀತೇನೋ ಎಂದು ನಾನು ಬೆನ್ನಿನಲ್ಲೇ ಕಾವಲು ಕಾದೆ. ನಡುಗಲಿಲ್ಲ.

"ನಾಳೆ ಮೊದಲನೇ ಬಸ್ಸಿಗೆ ಎಬ್ಬಿಸಜ್ಜಿ" ಎಂದಳು ಹಿಂದಿನಿಂದ. ಬೆರಳು ಇನ್ನೂ ಬೆನ್ನ ಮೇಲೇ ಇತ್ತು.

"ಅಜ್ಜಿ, ಉಸಿರು ಬಿಡು. ಯಾಕೆ ಹಿಡ್ಕೊಂಡಿದೀಯ?"

ಅವಳ ಬೆರಳು ಅಲುಗೀತೆಂದು ಹಿಡಿದುಕೊಂಡಿದ್ದೆ.