ಕಕ್ಕಸಿನ ಲೆಕ್ಕ

ತೊಂದರೆ ಶುರುವಾದದ್ದು ಆಸ್ಪತ್ರೆಯ ನರ್ಸಮ್ಮ ಕೊಟ್ಟ ಚೀಟಿಯಿಂದ. ಕ್ಯಾನ್ಸರ್ ಮಾತ್ರೆಗೆ ಭೇದಿಯಾಗಬಹುದು. ದಿನದ ವಾಡಿಕೆಗಿಂತ ಮೂರು ಸಲದವರೆಗೆ ಹೆಚ್ಚಾದರೆ ಒಂದನೇ ದರ್ಜೆ, ನಾಲ್ಕರಿಂದ ಆರಾದರೆ ಎರಡನೆಯದು, ಏಳು, ಅದಕ್ಕೂ ಹೆಚ್ಚಾದರೆ ಮೂರನೆಯದು, ಕೂಡಲೇ ಬನ್ನಿ ಎಂದು ಅದರಲ್ಲಿತ್ತು.

ಆ ಮಾತ್ರೆ ನುಂಗುತ್ತಿದ್ದ ಗಡಿಯಾರ ರಿಪೇರಿಯವನು ಚೀಟಿಯನ್ನು ಸುಮ್ಮನೆ ಜೇಬಿಗಿಟ್ಟಿದ್ದರೆ ಆಗುತ್ತಿತ್ತು. ಹೆಂಡತಿಯ ಕೈಗೆ ಕೊಟ್ಟ. ಅವಳು ಕಕ್ಕಸಿನ ಬಾಗಿಲಿಗೇ ಅಂಟಿಸಿದಳು. ಪಕ್ಕದ ಮನೆಯ ನಿವೃತ್ತ ಕಂಡಕ್ಟರು ಬಂದು ಓದಿ, ಎದುರಿಗೇ ಕುರ್ಚಿ ಹಾಕಿಕೊಂಡರು.

"ಲೆಕ್ಕ ನನಗೆ ಬಿಡಮ್ಮ. ಮೂವತ್ತು ವರ್ಷ ಹತ್ತೋರು ಇಳಿಯೋರನ್ನ ಎಣಿಸಿದ ಕಣ್ಣಿದು."

ಬೆಳಗ್ಗೆ ಎರಡು ಸಲ ಹೊಟ್ಟೆ ನಿಜಕ್ಕೂ ಕೈಕೊಟ್ಟಿತು. ಆಮೇಲೆ ಬಂದದ್ದು ನೆಂಟರು, ನೆರೆಯವರು.

"ನನ್ನ ಓರಗಿತ್ತಿ ತಮ್ಮಂಗೂ ಹೀಗೇ ಶುರುವಾಗಿತ್ತು, ಪಾಪ" ಎಂದು ಅತ್ತಿಗೆ ನಿಟ್ಟುಸಿರಿಟ್ಟರು. ಆ ತಮ್ಮನ ಕತೆ ಸ್ಮಶಾನದ ಗೇಟು ಮುಟ್ಟುವಷ್ಟರಲ್ಲಿ ಇವನು ಹೊಟ್ಟೆ ಹಿಡಿದು ಒಳಗೋಡಿ ಚಿಲಕ ಜಡಿದ. ಬಕೆಟ್ಟು ಬೋರಲು ಹಾಕಿ ಕೂತ. ಆಹಾ, ಎಂಥ ನೆಮ್ಮದಿ!

"ಮೂರು!" ಎಂದಿತು ಹೊರಗಿನ ದನಿ.

ಎದುರುಮನೆಯಾಕೆ "ಮಾತ್ರೆ ಬಿಟ್ಟು ಬೇರಿನ ಪುಡಿ ತಗೊಳ್ಳಿ" ಎಂದಾಗ ನಾಲ್ಕು. ಅವಳ ಗಂಡ "ಮುಖದಲ್ಲಿ ಕಳೆನೇ ಇಲ್ಲ" ಎಂದಾಗ ಐದು. ಮಧ್ಯಾಹ್ನಕ್ಕೆ ಕಂಡಕ್ಟರು ಎದ್ದು ನಿಂತೇಬಿಟ್ಟರು.

"ಒಂಬತ್ತು! ಮೂರನೇ ದರ್ಜೆ! ಗಾಡಿ ಕರೀರಿ!"

"ಅಯ್ಯೋ, ನನಗೇನೂ ಆಗಿಲ್ಲ..."

"ಕಾಯಿಲೆಯೋರು ಹಾಗೇ ಅನ್ನೋದು" ಎಂದು ಎಲ್ಲರೂ ಸೇರಿ ಅವನನ್ನು ಮೂಟೆಯಂತೆ ಹೊತ್ತೊಯ್ದರು.

ಡಾಕ್ಟರಮ್ಮ ಪೆನ್ನು ಕೈಗೆತ್ತಿಕೊಂಡರು. "ಒಂಬತ್ತಾ? ಗಡ್ಡೆ ಈಗಷ್ಟೇ ಕರಗ್ತಿತ್ತು. ಏನ್ಮಾಡೋದು, ಮಾತ್ರೆ ನಿಲ್ಲಿಸ್ಬೇಕು."

ಅವನು ಸುತ್ತ ನಿಂತ ಮುಖಗಳನ್ನೊಮ್ಮೆ ನೋಡಿದ. ಮರ್ಯಾದೆಯೋ, ಜೀವವೋ?

"ನಿಜವಾಗಿ ಎರಡೇ ಸಲ ಮೇಡಂ, ದಿನಕ್ಕಿಂತ ಒಂದೇ ಹೆಚ್ಚು. ಮಿಕ್ಕಿದ್ದೆಲ್ಲ... ಇವರ ಮಾತು ತಡೀಲಾರ್ದೆ ಒಳಗೆ ಹೋಗಿ ಸುಮ್ನೆ ಕೂತಿದ್ದೆ."

ಡಾಕ್ಟರಮ್ಮ ನಗು ನುಂಗಿಕೊಂಡು "ಒಂದನೇ ದರ್ಜೆ" ಎಂದು ಬರೆದರು. "ಮಾತ್ರೆ ಮುಂದುವರಿಸಿ. ನೀರು ಚೆನ್ನಾಗಿ ಕುಡೀರಿ."

ಇನ್ನು ಈ ಜನ ಸತ್ತರೂ ತನ್ನ ಮೆಟ್ಟಿಲು ಹತ್ತುವುದಿಲ್ಲ! ಅವನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಹೊರಗೆ ಬಂದರೆ ಅವರೆಲ್ಲ ಮೂಲೆಯಲ್ಲಿ ಪಿಸುಗುಡುತ್ತಿದ್ದರು. ಅತ್ತಿಗೆ ಕಣ್ಣೊರೆಸಿಕೊಳ್ಳುತ್ತ ಬಂದು ಅವನ ತಲೆ ಸವರಿದರು.

"ಬಾಗಿಲು ಹಾಕ್ಕೊಂಡು ಒಬ್ಬನೇ ಕೂರೋ ಮಟ್ಟಕ್ಕೆ ಮನಸ್ಸು ಕುಗ್ಗಿದೆ, ನಾವು ಗಮನಿಸಲೇ ಇಲ್ಲವಲ್ಲಪ್ಪ! ಇನ್ನು ಒಂದು ಗಳಿಗೆನೂ ನಿನ್ನ ಒಂಟಿಯಾಗಿ ಬಿಡಲ್ಲ."

"ಪಾಳಿ ಹಾಕಾಯ್ತು" ಎಂದರು ಕಂಡಕ್ಟರು. "ಮೊದಲ್ನೇದು ನಂದು."

ಹೆಂಡತಿ ಮೂಗು ಸೀಟಿಕೊಂಡಳು. "ಮನೆಗೆ ಹೋದ ತಕ್ಷಣ ಆ ಚಿಲಕ ಕಿತ್ತುಹಾಕ್ಸಿಬಿಡ್ತೀನಿ."